ಚನ್ನಕೇಶವರಿಗೆ ಸಿಗದ ಕಣ

“‘ಜಗದ್ವಿಖ್ಯಾತ ಅಣುಬಾಂಬ್ ವಿಜ್ಞಾನಿ’ ಅಂತ ಆಕು ಮಜೀದ,” ಎನ್ನುತ್ತ ಬ್ಯಾಟರಾಯಪ್ಪ ಮಜೀದರ ಹೆಗಲ ಮೇಲಿಂದ ಫೋನಿನೊಳಕ್ಕೆ ಬಗ್ಗಿದರು.

ಶೆಟ್ಟಿಹಳ್ಳಿಯ ಮನೆ ಮುಂದಿನ ಶಾಮಿಯಾನದಡಿ, ಗಾಜಿನ ಪೆಟ್ಟಿಗೆಯಲ್ಲಿ ಬ್ಯಾಟರಾಯಪ್ಪನವರ ತಮ್ಮ ಡಾ. ಚನ್ನಕೇಶವ ಮಲಗಿದ್ದರು. ಮಜೀದ್ ಸತ್ತವರ ಜೊತೆ ಒಂದನೇ ಕ್ಲಾಸಿನಿಂದ ಓದಿದವರು. ಈಗ ದಾಸರಹಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ. ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಫೋಟೊ, ಹೆಸರು ಎಲ್ಲ ಕೂತಿತ್ತು. ಹೆಸರಿನ ಕೆಳಗಿನ ಸಾಲು ಮಾತ್ರ ಖಾಲಿ.

“ಭಾವ, ಅವ್ರು ಬಾಂಬ್ ಮಾಡಿಲ್ಲ. ಕಣ ವಿಜ್ಞಾನಿ ಅಂತ ಹಾಕ್ಸಿ,” ಎಂದರು ಚನ್ನಕೇಶವರ ಹೆಂಡತಿ ವೇದಾ.

“ಕಣ ಅಂದ್ರೆ ರಾಗಿ ಒಕ್ಕೋ ಕಣ ಅನ್ಕೊಂತಾರೆ ಕಣಮ್ಮ ನಮ್ ಜನ. ಅದೂ ಅಪಾರ್ಟ್‌ಮೆಂಟ್ ಆಗೋಯ್ತು. ಓಗ್ಲಿ, ಇವ್ನು ಕಂಡಿಡ್ದಿದ್ದೇನು, ಅದ್ನ ಏಳು.”

“ಏನೂ ಇಲ್ಲ.”

“ಮೂವತ್ತೊಂದು ವರ್ಸ ಏನೂ ಇಲ್ವಾ?”

“ಒಂದು ಕಣ ಇರ್ಬೇಕು ಅಂತ ಲೆಕ್ಕ ಹಾಕಿ ಹೇಳಿದ್ರು. ಯೂರೋಪಿನಲ್ಲಿ ದೊಡ್ಡ ಯಂತ್ರ ಇಟ್ಕೊಂಡು ಹುಡುಕಿದ್ರು. ಅದು ಇರ್ಲಿಲ್ಲ.”

ಬ್ಯಾಟರಾಯಪ್ಪ ಗಾಬರಿಯಿಂದ ಸುತ್ತ ನೋಡಿದರು. “ಮೆಲ್ಲಗೆ ಮಾತಾಡಮ್ಮ, ಎಮ್ಮೆಲ್ಲೆ ಬರ್ತಾವ್ರೆ.”

ಹಾರ ಹಿಡಿದು ನಿಂತಿದ್ದ ಹರ್ಷಿತಾ, ಚನ್ನಕೇಶವರ ಕೊನೆಯ ವಿದ್ಯಾರ್ಥಿನಿ, ತಡೆಯಲಾರದೆ ಹೇಳಿದಳು: “ಸರ್, ಅದಕ್ಕೇ ಅವ್ರು ಸ್ವೀಟ್ ಹಂಚಿದ್ದು.”

“ಯಾವುದಕ್ಕೆ?”

“ಸಿಗದೆ ಇದ್ದಿದ್ದಕ್ಕೆ.”

* * *

ಹರ್ಷಿತಾ ಹೇಳಿದ್ದು ಎಂಟು ವರ್ಷಗಳ ಹಿಂದಿನ ಮಾತು. ಯಂತ್ರದ ವರದಿ ಬೆಳಿಗ್ಗೆಯೇ ಬಂದಿತ್ತು: ಚನ್ನಕೇಶವರು ಹೇಳಿದ ಕಡೆ ಅಂಥ ಕಣವೇ ಇಲ್ಲ. ಮೂರು ವರ್ಷದ ಪಿಎಚ್‌ಡಿಯನ್ನು ಅದೇ ಕಣದ ಮೇಲೆ ಕಟ್ಟಿದ್ದ ಹರ್ಷಿತಾ ಸಂಸ್ಥೆಯ ಕ್ಯಾಂಟೀನಿನ ಹಿಂದೆ ಅಳುತ್ತಿದ್ದಳು. ಮೇಷ್ಟ್ರು ಎಲ್ಲೂ ಇಲ್ಲ, ಫೋನೂ ಎತ್ತುತ್ತಿಲ್ಲ. ಹೆದರಿದ ಸೆಕ್ಯುರಿಟಿಯವರು ಹೆಬ್ಬಾಳ ಕೆರೆಯ ದಂಡೆವರೆಗೂ ಹೋಗಿ ಇಣುಕಿ ಬಂದರು.

ನಾಲ್ಕು ಗಂಟೆಗೆ ಚನ್ನಕೇಶವರು ಮೈಸೂರುಪಾಕಿನ ಡಬ್ಬಗಳನ್ನು ಎದೆಗವಚಿಕೊಂಡು ಬಂದರು. ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ.

“ತಗೋಮ್ಮ.”

“ಸರ್, ನಮ್ದು ತಪ್ಪಾಯ್ತು.”

“ಹೌದು. ತಪ್ಪು ಅಂತಾದ್ರೂ ಎಷ್ಟು ಜನಕ್ಕೆ ಗೊತ್ತಾಗುತ್ತೆ ಹೇಳು? ಈ ಬೀದಿ ಪೂರ್ತಿ ನೋಡಾಯ್ತು. ಮುಂದೆ ಬರೋರು ಇಲ್ಲಿ ಬಾಗಿಲು ತಟ್ಟಬೇಕಾಗಿಲ್ಲ.”

ಸೆಕ್ಯುರಿಟಿಯವರು ಎರಡು ತುಂಡು ಬಾಯಿಗಿಟ್ಟುಕೊಂಡು, “ಮೊಮ್ಮಗನಾ ಸರ್?” ಎಂದು ಕೇಳಿದರು. ಚನ್ನಕೇಶವರು ಮಾತ್ರ ಒಂದು ಚೂರನ್ನೂ ಮುಟ್ಟಲಿಲ್ಲ. ಸಂಜೆಯವರೆಗೂ ಕನ್ನಡಕ ಒರೆಸುತ್ತಲೇ ಇದ್ದರು. ಮರುವಾರ, ತಮ್ಮ ಸಿದ್ಧಾಂತ ಎಲ್ಲಿ ಎಡವಿತೆಂದು ತಾವೇ ಪ್ರಬಂಧ ಬರೆದು ಕಳಿಸಿದರು.

* * *

“ಆ ಸ್ವೀಟು ನಂಗೂ ಕೊಟ್ಟಿದ್ದ,” ಎಂದರು ಬ್ಯಾಟರಾಯಪ್ಪ. “ಪ್ರಮೋಸನ್ ಅನ್ಕಂಡು ಊರಿಗೆಲ್ಲ ಏಳ್ದೆ. ನಕ್ಕಂಡು ನಿಂತಿದ್ದ, ನನ್ಮಗ.” ಟವಲಿನಲ್ಲಿ ಮೂಗೊರೆಸಿಕೊಂಡರು.

“ಏನ್ ಹಾಕ್ಲಣ್ಣ?” ಎಂದರು ಮಜೀದ್.

“ಎಸ್ರು ಸಾಕು ಬಿಡು.”

ಅಷ್ಟರಲ್ಲಿ ಹೊಲದಿಂದ ಫೋನ್ ಬಂತು. ಎರಡು ಅಪಾರ್ಟ್‌ಮೆಂಟ್‌ಗಳ ನಡುವೆ ಮನೆತನಕ್ಕೆ ಉಳಿದಿದ್ದ ಹತ್ತು ಗುಂಟೆಯಲ್ಲಿ ಸಮಾಧಿಗೆ ಗುಂಡಿ ತೋಡಲು ಹೋದ ಜೆಸಿಬಿಗೆ ಮೂರಡಿಯಲ್ಲೇ ಬಂಡೆ ಸಿಕ್ಕಿತ್ತು. ಪಕ್ಕಕ್ಕೆ ಸರಿದು ಅಗೆದರೆ ಅಲ್ಲೂ ಬಂಡೆ. ಬ್ಯಾಟರಾಯಪ್ಪ ಹೋಗಿ ತಲುಪುವಷ್ಟರಲ್ಲಿ, ಬೇಲಿ ಪಕ್ಕದ ಮೂರನೇ ಗುಂಡಿಯಲ್ಲಿ ಮೆತ್ತಗಿನ ಕೆಂಪು ಮಣ್ಣು ಏಳುತ್ತಿತ್ತು.

ಜೆಸಿಬಿ ಓಡಿಸುತ್ತಿದ್ದ ಗಿರಿ ಇಳಿದು ಬಂದು ತಲೆ ಕೆರೆದುಕೊಂಡ. “ಎರಡು ಗುಂಡಿ ವೇಸ್ಟ್ ಆಯ್ತಣ್ಣ.”

“ವೇಸ್ಟ್ ಅಂದ್ರೆ ಒದ್ದುಬಿಡ್ತೀನಿ ನೋಡ್ಲಾ!”

ಗಿರಿ ಏನೂ ಅರ್ಥವಾಗದೆ ಎರಡು ಹೆಜ್ಜೆ ಹಿಂದೆ ಸರಿದ. ಆ ಎರಡು ಗುಂಡಿ ಮುಚ್ಚಲು ಹೊರಟವನನ್ನೂ ಬ್ಯಾಟರಾಯಪ್ಪ ತಡೆದರು. “ಇರ್ಲಿ, ಜನ ನೋಡ್ಲಿ.”

ಮಣ್ಣು ಹಾಕಲು ಬಂದವರೆಲ್ಲ ಮೊದಲು ಒಂದನೇ ಗುಂಡಿಗೆ ಬಗ್ಗಿ ನೋಡಿದರು. ಸೀರೆಯ ನೆರಿಗೆ ಎತ್ತಿಕೊಂಡು, ಪಂಚೆ ಮಡಚಿಕೊಂಡು, ಎರಡನೆಯದಕ್ಕೂ ಬಗ್ಗಿದರು. ಬಂಡೆ ಕಂಡು, ಹೌದೌದೆಂದು ತಲೆಯಾಡಿಸಿ, ಆಮೇಲೆ ಒಬ್ಬೊಬ್ಬರಾಗಿ ಮೂರನೆಯದರ ಬಳಿ ಬಂದು ಸಾಲು ನಿಂತರು.