ಬೆಳಕು ನೋಡಲು ನಿಂತವಳು

ಮೋಡ ಸರಿಯಿತು, ಇಲ್ಲ, ಸರಿಯಲಿಲ್ಲ, ಕೆರೆಯ ಆಚೆ ದಡದ ಹುಲ್ಲಿಗಷ್ಟೇ ಬಿಸಿಲು ಬಿದ್ದು ಅಲ್ಲೇ ನಿಂತುಬಿಟ್ಟಿತು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ಅನುಮಾನಿಸುವ ನೆಂಟನ ಹಾಗೆ, ಹಳೆಯ ಬಂಗಲೆಯ ಕಲ್ಲಿನ ಕಮಾನು ಮಾತ್ರ ಇನ್ನೂ ಬೂದಿ ಬಣ್ಣದಲ್ಲೇ ಇದೆ, ಮದುಮಗಳು ಮಹಡಿಯಿಂದ ಇಳಿಯುವುದರೊಳಗೆ ಈ ಬೆಳಕು ಇಷ್ಟು ದೂರ ನಡೆದು ಬಂದೀತೇ, ಅವನು ಕ್ಯಾಮೆರಾ ಎತ್ತಿ ಒಂದು ಕಣ್ಣು ಮುಚ್ಚುತ್ತಾನೆ — ಕಮಾನಿನ ಕೆಳಗೆ ಅಕ್ಕ ಆಗಲೇ ಹೋಗಿ ನಿಂತಿದ್ದಾಳೆ, ಯಾರೂ ಹೇಳಬೇಕಾಗಿಲ್ಲ, ಕಾಲು ತುಳಿದೂ ತುಳಿದೂ ನಡುವೆ ತಗ್ಗಾದ ಮೆಟ್ಟಿಲ ಮೇಲೆ, ಮದುಮಗಳು ನಿಲ್ಲಬೇಕಾದ ಜಾಗದಲ್ಲಿ, ಮಾಸಿದ ನೀಲಿ ಸ್ವೆಟರು, ಗಲ್ಲ ತುಸು ಮೇಲೆ, ಹೂಗುಚ್ಛ ಹಿಡಿದವಳ ಹಾಗೆ ಎರಡೂ ಕೈ ಎದೆಯ ಹತ್ತಿರ. ಬೆಳಕು ನೋಡುವುದಕ್ಕೆ ಒಬ್ಬರು ನಿಲ್ಲಬೇಕು, ಅಷ್ಟೇ. ಕಲ್ಲು ಎಷ್ಟು ಬೆಳ್ಳಗೆ ಬರುತ್ತದೆ, ಮುಖ ಎಷ್ಟು ಕಪ್ಪಾಗುತ್ತದೆ, ಹಿಂದಿನ ಕಿಟಕಿ ತಲೆಗೆ ಕೊಂಬು ಮೂಡಿಸುತ್ತದೆಯೋ ಹೇಗೆ, ಒಂದು ತೆಗೆದು, ನೋಡಿ, ಅಳಿಸಿ, ಆಮೇಲೆ ನಿಜವಾದ ಮದುಮಗಳು. ಎಷ್ಟು ಬಂಗಲೆ, ಎಷ್ಟು ಕೋಟೆ, ಎಷ್ಟು ಹಳೆಯ ಗಿರಣಿಯ ಅಂಗಳ, ಎಲ್ಲ ಕಡೆಯೂ ಮೊದಲು ಅಕ್ಕ, ಅಕ್ಕನ ಮೇಲೆ ಬೆಳಕು, ಆಮೇಲೆ ಹೆಬ್ಬೆರಳು ಒತ್ತಿದರೆ ಅಕ್ಕ ಇಲ್ಲ.

ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಬಾಯಿ ಬಿಡುತ್ತಿದ್ದಳು, ಲೋ ಒಂಟಿಗಣ್ಣ, ಬೇಗ ಮುಗಿಸೋ, ನಾನೇನು ಕಲ್ಲಿನ ಗೊಂಬೆನಾ, ಇವತ್ತು ಮಾತಿಲ್ಲ. ವ್ಯಾನಿನಲ್ಲೂ ಇರಲಿಲ್ಲ, ಊರಿನ ಅಂಚಿನ ಗೋದಾಮುಗಳು ಹೋದವು, ಹೊಲಗಳು ಬಂದವು, ಲೆನ್ಸಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು, ಅವನು ರಸ್ತೆ ನೋಡುತ್ತಿದ್ದ, ಇಬ್ಬರೂ ಬಹಳ ಮುತುವರ್ಜಿಯಿಂದ ನೋಡುತ್ತಿದ್ದರು. ಇದು ಅಕ್ಕನ ಕೊನೆಯ ಮದುವೆ — ಛೆ, ಕೊನೆಯ ಕೆಲಸ, ಅವಳ ಮದುವೆ ಬರುವ ಭಾನುವಾರ. ಐವತ್ತು ದಾಟಿದ ಮೇಲೆ. ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತ, ಅಡುಗೆಮನೆಯಲ್ಲಿ, ಉಪ್ಪು ತೀರಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ್ದಳು, ನಾನೂ ಹೂವಿನವರೂ ಮದುವೆ ಆಗೋಣ ಅಂತಿದೀವಿ ಕಣೋ, ನದಿ ಕಡೆ ಒಂದು ನರ್ಸರಿ ತಗೊಂಡಿದಾರೆ, ಅಲ್ಲೇ ಇರ್ತೀವಿ. ಹೂವಿನವರು, ಇವರು ಹೋಗುವ ಮದುವೆಗಳಿಗೆಲ್ಲ ಹೂವಿನ ಅಲಂಕಾರ ಮಾಡುವವರು. ಒಳ್ಳೇದೇ ಆಯ್ತಲ್ಲ ಅಕ್ಕ, ಎಂದಿದ್ದ, ಒಳ್ಳೆಯದೇ, ಯಾರು ಇಲ್ಲ ಅಂದರು, ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಅವಳು, ಫೋಟೋ ಮಾತ್ರ ನೀನು ತೆಗೀಬೇಡ, ಬೇರೆ ಯಾರಿಗಾದ್ರೂ ಹೇಳು, ನೀನು ಸುಮ್ನೆ ಬಂದು ನನ್ನ ಪಕ್ಕ ನಿಂತ್ಕೋ. ಅಷ್ಟು ಸಣ್ಣ ಮಾತು. ಮರುದಿನ ಬೆಟ್ಟದ ಮೇಲಿನ ಕೋಟೆಯಲ್ಲಿ ಮದುವೆ ಮಾಡುವವರು ಬಂದರು, ಅವರದೂ ಅದೇ ಭಾನುವಾರ, ಅವನ ಬಾಯಿ ಅವನನ್ನು ಕೇಳದೆ ಆಗಲಿ ಅಂದುಬಿಟ್ಟಿತು, ಅಕ್ಕನಿಗೆ ಹೇಳಿದ್ದು ಬೇರೆ — ಅದು ಮೊದಲೇ ಒಪ್ಕೊಂಡಿದ್ದೆ ಅಕ್ಕ, ಈಗ ಹೇಗೆ ಬಿಡೋದು. ಹೌದಾ, ಅಂದಳು. ಬಿಳಿ ಬಟ್ಟೆಯೊಂದನ್ನು ಮಡಚುತ್ತಿದ್ದಳು, ಮಡಚಿದ್ದನ್ನೇ ಬಿಡಿಸಿ ಇನ್ನೊಮ್ಮೆ ಮಡಚಿದಳು. ಜಗಳವಾಡಿದ್ದರೆ ವಾಸಿಯಿತ್ತು. ಆ ಒಂದು ಹೌದಾ ಅಂದಿನಿಂದ ಮನೆಯಲ್ಲಿ ಸರಿಯಾಗಿ ಮುಚ್ಚದ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಲೇ ಇದೆ. ಬರಲಾರೆ ಎಂದಲ್ಲ, ನಿಲ್ಲಲಾರೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ಯಾರ ಮದುವೆಯನ್ನು ಬೇಕಾದರೂ ತಾಳಿಕೊಳ್ಳಬಹುದು, ಅತ್ತವರ ಕಣ್ಣೀರೂ ಬೆಳಕೇ, ಕಾರು ಹತ್ತಿ ಹೋಗುವವಳ ಬೆನ್ನೂ ಬೆಳಕೇ, ಅದಿಲ್ಲದೆ ಸುಮ್ಮನೆ ನಿಂತು ಅಕ್ಕ ಹೋಗುವುದನ್ನು ನೋಡು ಎಂದರೆ, ಎರಡೂ ಕಣ್ಣಿನಿಂದ —

ಎರಡೂ ಕಣ್ಣು ಮುಚ್ಚಿಸಿ ಅಪ್ಪ, ಅವನು ಚಿಕ್ಕವನಿದ್ದಾಗ, ಅವನನ್ನು ಹಳೆಯ ಪೆಟ್ಟಿಗೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತೂರಿಸಿದ್ದ, ಈಗ ಬಿಡು ಅಂದ, ಬಿಟ್ಟರೆ ಗಾಜಿನ ಮೇಲೆ ಅಕ್ಕ ತಲೆಕೆಳಗಾಗಿ ಬಾವಲಿಯ ಹಾಗೆ ನೇತಾಡುತ್ತಿದ್ದಾಳೆ, ಎರಡು ಜಡೆಗಳು ಮೇಲಕ್ಕೆ ನಿಂತಿವೆ, ಅವನು ನಕ್ಕೂ ನಕ್ಕೂ ಬಿದ್ದ, ಅಕ್ಕ ಅಲ್ಲಾಡಲಿಲ್ಲ, ಅಲ್ಲಾಡಿದರೆ ಅಪ್ಪ ಬೈಯುತ್ತಾನೆ. ಸೈಕಲ್ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವೆ ಒಂದೇ ಕೋಣೆಯ ಸ್ಟುಡಿಯೋ, ಗ್ರೀಸಿನ ವಾಸನೆ ಒಂದು ಗೋಡೆಯಿಂದ, ಹೊಲಿಗೆ ಯಂತ್ರದ ಸದ್ದು ಇನ್ನೊಂದರಿಂದ, ಹಿಂದೆ ಬಣ್ಣದ ಪರದೆ, ಅದರಲ್ಲಿ ಅರಮನೆ, ಕಮಾನು, ಕೆರೆ, ಕೆರೆಯಲ್ಲಿ ಎರಡು ಹಂಸ, ಒಂದಕ್ಕೆ ಕಣ್ಣು ಬರೆಯುವುದನ್ನು ಚಿತ್ರದವನು ಮರೆತಿದ್ದ. ಹೊಸದಾಗಿ ಮದುವೆಯಾದವರು ಆ ಸುಳ್ಳು ಅರಮನೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಈಗ ನಿಜವಾದ ಅರಮನೆಗೇ ಬರುತ್ತಾರೆ, ಬಂದು, ಪರದೆ ಹಾಕಿದಂಗೆ ಕಾಣ್ಬೇಕು ಸಾರ್, ಅನ್ನುತ್ತಾರೆ. ಫಿಲ್ಮು ತುಟ್ಟಿ, ಬೆಳಕು ನೋಡಲು ನಿಂತವಳಿಗಾಗಿ ಅಪ್ಪ ಒಂದನ್ನೂ ಖರ್ಚು ಮಾಡಲಿಲ್ಲ, ಬಾಮ್ಮ, ನಿಂತ್ಕೋ, ಗಲ್ಲ ಎತ್ತು, ಆಯ್ತು, ಇಳಿ, ಅಷ್ಟೇ. ಅವಳು ಇಳಿದ ಮೇಲೂ ಗಾಜಿನ ಮೇಲೆ ಒಂದು ಗಳಿಗೆ ಉಳಿದಿರುತ್ತಾಳೆ ಎಂದು ಅವನು ನಂಬಿದ್ದ, ಬಟ್ಟೆಯೊಳಗೆ ಮತ್ತೆ ತಲೆ ತೂರಿಸಿ ಹುಡುಕುತ್ತಿದ್ದ. ಅಪ್ಪ ಹೋದ ಮೇಲೆ ಅವಳನ್ನು ಅದೇ ಜಾಗದಲ್ಲಿ ನಿಲ್ಲಿಸಿದ್ದು ಅವನು. ನಿಲ್ತೀಯಾ ಎಂದು ಒಮ್ಮೆಯಾದರೂ ಕೇಳಿದ್ದನೇ, ನೆನಪಿಲ್ಲ, ಕೇಳುವ ವಿಷಯವೆಂದೇ ಅನ್ನಿಸಿರಲಿಲ್ಲ, ಕುರ್ಚಿಯನ್ನು ಕೇಳಿ ಕೂರುತ್ತೇವೆಯೇ.

ಅವನು ಕ್ಯಾಮೆರಾದ ಕಣ್ಣನ್ನು ಅಕ್ಕನ ಹತ್ತಿರಕ್ಕೆ ಎಳೆಯುತ್ತಾನೆ, ಮೂಗಿನ ತುದಿ, ಹಣೆ, ಇವೆರಡೇ ಬೇಕಾದವು, ಸ್ವೆಟರು, ಕೈ — ಕೈಯಲ್ಲಿ ಹೂವಿದೆ. ತೊಟ್ಟು ಮುರಿದ ಎರಡು ಬಿಳಿ ಗುಲಾಬಿ, ಅಂಚು ಕಂದಿದ ಒಂದು ಲಿಲ್ಲಿ, ದಾರ ಸುತ್ತಿ ಕಟ್ಟಿದ್ದು, ಅಲಂಕಾರಕ್ಕೆ ಆಗದ್ದು. ಮೊದಲು ಅವಳು ಹಿಡಿಯುತ್ತಿದ್ದದ್ದು ಸುತ್ತಿದ ಟವೆಲು, ಹೂಗುಚ್ಛದ ಎತ್ತರ ಸಿಗಲಿ ಎಂದು, ಅದು ಯಾವಾಗ ಹೂವಾಯಿತು? ಎಂದೋ ಒಂದು ಕೋಟೆಯ ಬಾಗಿಲಲ್ಲಿ, ಹೌದು, ಒಂದು ಹಳದಿ ಹೂವು, ಅದನ್ನೂ ನೋಡಿದ್ದ, ನೋಡಿ ಅಳಿಸಿದ್ದ. ಗಿರಣಿಯ ಅಂಗಳದಲ್ಲಿ ಮೂರು ನಾಲ್ಕು ಒಟ್ಟಿಗೆ, ಗಾಜಿನ ಮನೆಯ ತೋಟದಲ್ಲಿ ಕೈತುಂಬ. ಹೂವಿನವರು ಕಂಬಕ್ಕೆ ಬಳ್ಳಿ ಸುತ್ತುತ್ತಿರುತ್ತಿದ್ದರು, ಬಾಯಲ್ಲಿ ತಂತಿ ಕಚ್ಚಿಕೊಂಡೇ ಮಾತು, ನಿಮ್ಮ ತಮ್ಮ ನಿಮ್ಮನ್ನ ನಿಲ್ಲಿಸಿ ಮರ್ತೇಬಿಟ್ರೇನೋ, ಅದಕ್ಕೆ ಅಕ್ಕ, ಅವನಿಗೆ ನಾನು ಕಾಣ್ಸಿದ್ರೆ ತಾನೆ ರೀ ಮರೆಯೋದು, ಇಬ್ಬರೂ ನಗುತ್ತಿದ್ದರು, ಅವನೂ ನಕ್ಕಿದ್ದ, ಅಲ್ಲಾಡಬೇಡ ಅಕ್ಕ ಎಂದಿದ್ದ. ಹಾಗಾದರೆ ಎಲ್ಲ ಇಲ್ಲೇ ಇತ್ತು. ಮೊದಲ ಹೂವು, ಅದನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದ ಬೆರಳು, ಗಲ್ಲ ಎತ್ತು ಎನ್ನುವ ಮೊದಲೇ ಎತ್ತಿದ ಗಲ್ಲ, ವರ್ಷಗಟ್ಟಲೆ ಒಂದೊಂದೇ ಆಗಿ ಅವಳು ಅವನ ಮುಂದೆ ಬಂದು ನಿಂತು ತೋರಿಸಿದ್ದಾಳೆ, ಅವನು ಒಂದೂ ಬಿಡದೆ ತೆಗೆದಿದ್ದಾನೆ. ಕಂಡವರ ಮದುವೆಗಳೆಲ್ಲ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿವೆ, ಹೆಸರು ಕೂಡ ಮರೆತುಹೋದ ಮದುಮಕ್ಕಳು, ಅಕ್ಕನದು ಮಾತ್ರ ಅಲ್ಲಲ್ಲೇ, ನಿಂತ ನಿಂತಲ್ಲೇ, ಹೆಬ್ಬೆರಳ ತುದಿಯಲ್ಲಿ —

ಫೋಟೋದವರೇ, ನಮ್ಮ ಹುಡುಗಿ ಇಳೀತಿದಾಳೆ, ಎಂದು ಮದುಮಗಳ ಸೋದರತ್ತೆ ಏದುಸಿರು ಬಿಡುತ್ತ ಬಂದಳು, ನಾನೂ ಇರ್ತೀನಿ ಫೋಟೋದಲ್ಲಿ, ಆದ್ರೆ ನನ್ನ ಹೊಟ್ಟೆ ಬರಬಾರದು. ಹೊಟ್ಟೇನ ಮನೇಲಿ ಬಿಟ್ಟು ಬರ್ಬೇಕಿತ್ತು, ಎಂದಳು ಅಕ್ಕ ಮೆಟ್ಟಿಲ ಮೇಲಿಂದ, ಸೋದರತ್ತೆ ಹೋ ಎಂದು ನಕ್ಕು ಒಳಗೆ ಓಡಿದಳು, ಬೆಳಿಗ್ಗೆಯಿಂದ ಅಕ್ಕ ಆಡಿದ ಮೊದಲ ಮಾತು, ಅದೂ ಪರರ ಹೊಟ್ಟೆಗೆ. ಬಿಸಿಲು ಕೆರೆ ದಾಟಿದೆ. ನೀರಿನ ಮೇಲೆ ಬಂತು, ಹುಲ್ಲಿನ ಮೇಲೆ, ಕಮಾನಿನ ಎಡಗಂಬ ಜೇನಿನ ಬಣ್ಣಕ್ಕೆ ತಿರುಗುತ್ತಿದೆ, ಈಗ, ಈಗಲೇ, ಕ್ಯಾಮೆರಾದ ಗುಂಡಿಗೆ ಬೆರಳು ತಾಗುತ್ತಿದ್ದ ಹಾಗೇ ಒಳಗಿನಿಂದ ಹೂವಿನವರ ದನಿ, ರೀ, ನನ್ನ ಕತ್ತರಿ ನೋಡಿದ್ರಾ, ನಿಮ್ಮ ಜೇಬಲ್ಲೇ ಇದೆ ನೋಡ್ಕೊಳ್ರೀ, ಎಂದು ಅಕ್ಕ ಅತ್ತ ತಿರುಗಿದಳು, ಕೆಟ್ಟಿತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹೂವು ಮಾತ್ರ ಸ್ಪಷ್ಟವಾಗಿದೆ, ಮುಖ ಸರಿದು ಮಸುಕಾಗಿದೆ. ಅಳಿಸಬೇಕೇ, ಎಂದು ಕ್ಯಾಮೆರಾ ಕೇಳುತ್ತದೆ, ಯಾವಾಗಲೂ ಕೇಳುವ ಹಾಗೆ. ಬೆಳಕು ಸರಿ ಬಂತೇನೋ, ಎಂದು ಅಕ್ಕ ಕೇಳುತ್ತಾಳೆ. ಅವನು ಬೆಳಕನ್ನು ನೋಡಿಯೇ ಇಲ್ಲ. ಅಕ್ಕ, ಭಾನುವಾರ ನಾನು ಎಲ್ಲಿ ನಿಂತ್ಕೋಬೇಕು. ಅವಳು ದಾರದ ಕೊನೆಯನ್ನು ಬೆರಳಿಗೆ ಸುತ್ತಿದಳು, ಕೋಟೆಯವರು? ಎಂದಳು. ಆ ಇನ್ನೊಬ್ಬ ಫೋಟೋದವನು, ಗಡ್ಡದವನಿಗೆ ಕೊಡ್ತೀನಿ, ಅವನು ಯಾವಾಗ್ಲೂ ಕೆಲಸ ಇದ್ರೆ ಹೇಳು ಅಂತಿರ್ತಾನೆ. ಅದು ಮೊದ್ಲೇ ಒಪ್ಕೊಂಡಿದ್ದಲ್ಲ ಅಕ್ಕ, ನೀನು ಹೇಳಿದ ಮೇಲೆ. ಗೊತ್ತು ಕಣೋ, ಅಂದಳು. ಗೊತ್ತಿತ್ತು. ನನ್ನ ಎಡಗಡೆ ನಿಂತ್ಕೋ, ಕೈ ಜೇಬಲ್ಲಿಟ್ಕೋಬೇಡ, ಕಳ್ಳನ ಥರ ಕಾಣ್ತೀಯ. ಮೆಟ್ಟಿಲು ಇಳಿದು ಪಕ್ಕಕ್ಕೆ ಸರಿದಳು, ಆ ಜಾಗದಲ್ಲಿ ಈಗ ಉದ್ದ ಉಡುಗೆಯನ್ನು ಎತ್ತಿ ಹಿಡಿದು ಮದುಮಗಳು ಬರುತ್ತಿದ್ದಾಳೆ, ಹಿಂದೆ ಸೋದರತ್ತೆ, ಬಿಸಿಲು ಕಮಾನಿನ ತುಂಬ ಇದೆ, ಬಹಳ ಹೊತ್ತು ಇರುವುದಿಲ್ಲ, ಕ್ಯಾಮೆರಾ ಎತ್ತಬೇಕು, ಎತ್ತುತ್ತಾನೆ, ಇನ್ನೊಂದು ಗಳಿಗೆ — ಅಂಗೈಯಗಲದ ಪರದೆಯಲ್ಲಿ ಅಳಿಸದೆ ಉಳಿಸಿದ ಚಿತ್ರ, ತೊಟ್ಟು ಮುರಿದ ಗುಲಾಬಿ, ದಾರ, ನೀಲಿ ಸ್ವೆಟರು, ಅದರ ಮೇಲೆ ಯಾರ ಕಡೆಗೋ ತಿರುಗಿದ ಒಂದು ಮಸುಕು, ಆ ಮಸುಕು ನಗುತ್ತಿದೆ.