ಬಾಗಿಲ ಹೊರಗೆ ಗುಂಡಿಯ ಕೂಗು

ಅಂಗಿಯ ಗುಂಡಿಯಂಥ ಕಣ್ಣು, ಅದಕ್ಕೇ ಬೆಕ್ಕಿಗೆ ಗುಂಡಿ ಎಂದು ಹೆಸರು. ಹಗಲೆಲ್ಲ ಕುಂಭಕರ್ಣನ ನಿದ್ದೆ. ದೀಪ ಆರಿಸಿದರೋ, ಶುರುವಾಯಿತು ಅದರ ಗೋಳು. ಮುದ್ದು ಅತ್ತೆಯದು, ಕೆಡುವ ನಿದ್ದೆ ಮಗ ಸೊಸೆಯದು. ಸೊಸೆ ಬಟ್ಟೆ ಹೊಲಿಯುವವಳು. ತೂಕಡಿಸಿ ತೋಳು ಹಿಂದುಮುಂದಾದರೆ ಬಿಚ್ಚಿ ಹೊಲಿದರಾಯಿತು. ಗಂಡ ಬಸ್ ಓಡಿಸುವವನು. ಮೊನ್ನೆ ಸ್ಟಿಯರಿಂಗ್ ಹಿಡಿದೇ ಕಣ್ಣು ಮುಚ್ಚಿ, ಬಸ್ಸು ಕಂಬಕ್ಕೆ ತಾಗಿ, ಜನ ಉಳಿದದ್ದೇ ಹೆಚ್ಚು. ಇನ್ನೊಮ್ಮೆ ಹೀಗಾದರೆ ಎಷ್ಟು ಮನೆ ಹಾಳಾಗುತ್ತವೋ ಎಂದು ಅವಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು.

ಕೊನೆಗೆ ಅತ್ತೆ ಸೊಸೆ ಗುಂಡಿಯನ್ನು ಪಶುವೈದ್ಯೆಗೆ ತೋರಿಸಿದರು. ಅವರು ನಕ್ಕರು. "ಕೂಗಿದಾಗೆಲ್ಲ ಎದ್ದು ಊಟ ಹಾಕೋರು ಯಾರು?"

ಅತ್ತೆ ಕಿಟಕಿಯ ಕಡೆ ನೋಡಿದರು.

"ನೀವೇ ಕಲಿಸಿದ್ದೀರಲ್ಲಮ್ಮ. ಮಲಗೋ ಮುಂಚೆ ಚೆನ್ನಾಗಿ ಆಟ ಆಡ್ಸಿ, ಹೊಟ್ಟೆ ತುಂಬ ಹಾಕಿ. ಆಮೇಲೆ ಎಷ್ಟೇ ಕೂಗ್ಲಿ, ಯಾರೂ ಏಳ್ಬೇಡಿ. ಒಂದ್ಸಲ ಎದ್ರೂ ಪಟ್ಟ ಕಷ್ಟ ಎಲ್ಲ ಮಣ್ಣುಪಾಲು."

ಸೊಸೆ ಅಳತೆ ಟೇಪಿನ ತುದಿಗೆ ಚಿಂದಿ ಕಟ್ಟಿ ಸಂಜೆ ಸಂಜೆ ಗುಂಡಿಯನ್ನು ಕುಣಿಸಿದಳು. ಏಳುವುದಿಲ್ಲ ಎಂದು ಅತ್ತೆಯಿಂದ ಮಾತು ತೆಗೆದುಕೊಂಡಳು. ಮೊದಮೊದಲು ಬೆಕ್ಕು ರಂಪ ಮಾಡಿತು, ಬರುಬರುತ್ತ ಮೆತ್ತಗಾಯಿತು. ಗಂಡನ ಕಣ್ಣಿನ ಕೆಂಪು ಇಳಿಯಿತು. "ಅಂತೂ ಪಾಸಾದೆ ಬಿಡು ಗುಂಡಿ" ಎಂದು ಅವನು ಛೇಡಿಸಿದ.

ಒಂದು ರಾತ್ರಿ ಗುಂಡಿ ಮತ್ತೆ ಕೂಗಿತು. ಗಂಡ ಹೆಂಡತಿ ಮಲಗಿದ ಕೋಣೆಯ ಬಾಗಿಲಿಗೇ ಬಂದು ಉಗುರಿನಿಂದ ಕೆರೆಯಿತು, ಅತ್ತ ಓಡಿತು, ಮತ್ತೆ ಬಂದು ಕೂಗಿತು. ಸೊಸೆ ಎದ್ದು ಚಿಲಕಕ್ಕೆ ಕೈ ಹಾಕಿದಳು. ಗಂಡ ಗೋಡೆಯ ಕಡೆ ತಿರುಗಿ ಮಲಗಿದ್ದ. ಬೆಳಗಿನ ಮೊದಲ ಬಸ್ಸು ಅವನದೇ. ಹಾಳಾದ್ದು, ಇಷ್ಟು ದಿನ ಪಟ್ಟ ಪಾಡು ಇವತ್ತು ನೀರುಪಾಲಾಗಬೇಕೆ ಎಂದು ಹಲ್ಲು ಕಚ್ಚಿ, ವಾಪಸು ಬಂದು ಮುಸುಕು ಹಾಕಿ ಮಲಗಿದಳು. ಬಹಳ ಹೊತ್ತಿನ ಮೇಲೆ ಕೂಗು ನಿಂತಿತು. ಅಬ್ಬ, ಗೆದ್ದೆ ಅಂದುಕೊಂಡಳು.

ಬೆಳಿಗ್ಗೆ ನೋಡಿದರೆ ಅತ್ತೆ ಬಚ್ಚಲುಮನೆಯ ಒದ್ದೆ ನೆಲದಲ್ಲಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು, ಸೊಂಟ ಮುರಿದಿತ್ತು, ಉಸಿರು ಮಾತ್ರ ಆಡುತ್ತಿತ್ತು. ಗುಂಡಿ ಅವರ ಕುತ್ತಿಗೆಗೆ ಒತ್ತಿಕೊಂಡು ಕೂತಿತ್ತು.

ಆಸ್ಪತ್ರೆಯಲ್ಲಿ ಅತ್ತೆಗೆ ಮಾತು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. "ಕೂಗೋಣ ಅಂದ್ರೆ ನಂಗೆ ಉಸಿರೇ ಬರ್ಲಿಲ್ಲ ಕಣಮ್ಮ. ಅದೇ ನಿಮ್ಮ ಬಾಗಿಲಿಗೆ ಹೋಗಿ ಹೋಗಿ ಕೂಗ್ತಿತ್ತು. ನಿಮ್ಗೆ ಕೇಳಿಸ್ಲಿಲ್ವಾ?"

ಸೊಸೆಗೆ ನಾಚಿಕೆಯಿಂದ ಸತ್ತೇಹೋಗಬೇಕು ಅನ್ನಿಸಿತು. "ಇಲ್ಲ ಅತ್ತೆ" ಎಂದಳು. "ಒಳ್ಳೇ ನಿದ್ದೆ ಬಂದಿತ್ತು."

"ನಂಗೂ ಕೇಳಿಸ್ಲಿಲ್ಲಮ್ಮ" ಎಂದು ಮಂಚದ ಆ ಬದಿ ನಿಂತಿದ್ದ ಗಂಡ ಥಟ್ಟನೆ ಹೇಳಿದ. ಹೆಂಡತಿಯ ಮುಖ ಮಾತ್ರ ನೋಡಲಿಲ್ಲ.

ಅತ್ತೆ ಮಗನ ಕೈ ತಟ್ಟಿದರು. "ಹೋಗ್ಲಿ ಬಿಡು. ಅಂತೂ ನಿನಗೆ ನಿದ್ದೆ ಬಂತಲ್ಲ, ಅಷ್ಟೇ ಸಾಕು."