ಹರಕುಕಿವಿಯ ಪಾಲು

ಮೃಗಾಲಯದ ಮಂಗಗಳ ಮನೆಯ ಮುದಿ ಕಾವಲುಗಾರನಿಗೆ ಅವತ್ತು ಬೆಳಗ್ಗೆಯೇ ಮೂಗಿನ ತುದಿಯಲ್ಲಿ ಕೋಪ. ಹರಕುಕಿವಿಯನ್ನು ಗುಂಪಿನಿಂದ ತೆಗೆದು ಒಂಟಿ ಪಂಜರಕ್ಕೆ ಹಾಕಬೇಕೆಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದಳು. ಇಪ್ಪತ್ತು ವರ್ಷ ಕಣ್ಣೆದುರೇ ಬೆಳೆದ ಮಂಗ. ಒಂದು ಕಾಲಕ್ಕೆ ಇಡೀ ಗುಂಪಿನ ದೊರೆ. ಈಗ ಹಲ್ಲು ಸವೆದಿದೆ, ಹೊಸ ದೊರೆ ದಿನಾ ಅಟ್ಟಿಸಿಕೊಂಡು ಬಂದು ಕಚ್ಚುತ್ತಾನೆ.

“ಒಂಟಿ ಇಟ್ರೆ ಎಂಟು ದಿನ ಬದುಕಲ್ಲ, ಡಾಕ್ಟ್ರಮ್ಮ.”

“ಇಲ್ಲೇ ಬಿಟ್ರೆ ನಾಲ್ಕೇ ದಿನ, ಯಜಮಾನ್ರೇ. ಬೆನ್ನಿನ ಗಾಯ ನೋಡಿದ್ರಾ? ನಿಮ್ಮ ಮುದ್ದು ಅದಕ್ಕೆ ಮುಲಾಮಲ್ಲ.”

“ಒಂದು ಊಟ ಆಗ್ಲಿ. ಹಸಿದ ಹೊಟ್ಟೇಲಿ ಯಾರನ್ನೂ ಮನೆ ಬಿಡಿಸಬಾರ್ದು.”

ಊಟ ಹಾಕುವುದರಲ್ಲಿ ಅವನದು ಒಂದೇ ಕಟ್ಟುನಿಟ್ಟು. ಹರಕುಕಿವಿಗೆ ಬಾಗಿಲ ಮೂಲೆ, ಗುಂಪಿನ ಇನ್ನೊಬ್ಬ ಮುದುಕ ಕುಂಟನಿಗೆ ನೀರಿನ ತೊಟ್ಟಿಯ ಪಕ್ಕ. ಆ ಕಿವಿ ಹರಿದವನೇ ಕುಂಟ. ಕುಂಟನ ಕಾಲು ಮುರಿದವನು ಹರಕುಕಿವಿ. ಹಾವು ಮುಂಗುಸಿ! ಹನ್ನೆರಡು ವರ್ಷದಿಂದ ಇಬ್ಬರನ್ನೂ ಒಂದೇ ಕಡೆ ತಿನ್ನಲು ಬಿಟ್ಟವನಲ್ಲ. ಇವತ್ತು ಬಾಗಿಲ ಮೂಲೆಯಲ್ಲಿ ಆ ಹಾಳು ಪಂಜರ ಕೂತಿತ್ತು. ಬೇರೆ ದಾರಿಯಿಲ್ಲದೆ ಎರಡು ಪಾಲು ಗೆಣಸನ್ನೂ ತೊಟ್ಟಿಯ ಪಕ್ಕಕ್ಕೇ ಸುರಿದ.

ಹರಕುಕಿವಿ ಮೆಲ್ಲಗೆ ಬಂದ. ಕುಂಟ ತಲೆಯೆತ್ತಿ ನೋಡಿದ. ಕುಂಟ ಒಂದು ಗೇಣು ಸರಿದು ಜಾಗ ಕೊಟ್ಟ.

ಹೊಸ ದೊರೆಗೆ ಇದು ಹಿಡಿಸಲಿಲ್ಲ. ರೋಮ ನಿಮಿರಿಸಿಕೊಂಡು ಬಾಣದ ಹಾಗೆ ನುಗ್ಗಿ ಬಂದ. ಆಗ ಕುಂಟ ಮೂರೇ ಕಾಲಲ್ಲಿ ಎದ್ದು, ಹರಕುಕಿವಿಯ ಬೆನ್ನ ಮೇಲೆ ಕೈಯಿಟ್ಟು ನಿಂತ. ಮುದುಕರಿಬ್ಬರೂ ಒಟ್ಟಿಗೇ ಬಾಯಿ ತೆರೆದರು. ಎರಡೂ ಬಾಯಿ ಸೇರಿಸಿದರೆ ನೆಟ್ಟಗಿನ ಹಲ್ಲು ಮೂರಿದ್ದರೆ ಹೆಚ್ಚು. ಆದರೂ ದೊರೆ ನಿಂತುಬಿಟ್ಟ! ಅತ್ತ ನೋಡಿದ, ಇತ್ತ ನೋಡಿದ, ಬಂದಿದ್ದೇ ಅದಕ್ಕೆ ಎನ್ನುವಂತೆ ತೊಡೆ ಕೆರೆದುಕೊಂಡು ಹೊರಟೇ ಹೋದ.

“ನೋಡಿದ್ರಾ?”

“ಸುಮ್ನಿರಿ, ನೋಡ್ತಾ ಇದೀನಿ.” ಡಾಕ್ಟರಮ್ಮನ ದನಿಯೂ ಪಿಸುಮಾತಿಗೆ ಇಳಿದಿತ್ತು.

ಕುಂಟ ಈಗ ಹರಕುಕಿವಿಯ ಹೇನು ಹೆಕ್ಕುತ್ತಿದ್ದ. ಅದೂ ಎಲ್ಲಿ? ತಾನೇ ಹರಿದ ಕಿವಿಯ ಅಂಚಿನಲ್ಲಿ, ನೋಯದ ಹಾಗೆ, ಒಂದೊಂದೇ ಕೂದಲು ಬಿಡಿಸಿ.

ಕಾವಲುಗಾರ ಹಣೆ ಚಚ್ಚಿಕೊಂಡ. “ನನ್ನ ಬುದ್ಧಿಗಿಷ್ಟು! ಇವರ ಜಗಳ ಯಾವತ್ತು ಮುಗಿದಿತ್ತೋ ಏನೋ. ನಾನೇ ಹಿಡ್ಕೊಂಡು ಕೂತಿದ್ನಲ್ಲ!”

“ಹಾಗಾದ್ರೆ ಪಂಜರ ಎತ್ತಿಸ್ಲಾ?”

“ಬೇಡ ಡಾಕ್ಟ್ರಮ್ಮ, ಖಾಲಿ ಬಿದ್ದಿರ್ಲಿ ಅಲ್ಲೇ. ಆ ಮೂಲೆ ಖಾಲಿ ಕಂಡ್ರೆ ನನ್ನ ಕೈ ಸುಮ್ನಿರಲ್ಲ, ನಾಳೆ ಮತ್ತೆ ಅಲ್ಲೇ ಊಟ ಹಾಕುತ್ತೆ.”